ಬಲಗಡೆಯ ಮುಂದಿನ ಚಕ್ರ

ಅಕ್ಟೋಬರ್ 1, ಬುಧವಾರ. ಬೆಳಿಗ್ಗೆ 11.40

ರೆಕಾರ್ಡ್ ಆಗುತ್ತಿದೆಯಾ... ಹೂಂ, ಕೆಂಪು ಚುಕ್ಕಿ ಬಂತು.

ಗುಬ್ಬಿಯಿಂದ ಬಂದ ಕಾರು. ಅಳಿಯನದು. ಇಂಜಿನ್ ಆಯಿಲ್ ಬದಲಾಯಿಸಿದೆ. ಆಯಿಲ್ ಫಿಲ್ಟರ್ ಹೊಸದು. ಏರ್ ಫಿಲ್ಟರ್ ಕೊಡವಿದರೆ ಒಂದು ಬೊಗಸೆ ಧೂಳು. ಮೂಗು ಕಟ್ಟಿದವನು ಓಟ ಓಡಿದ ಹಾಗೆ ಓಡುತ್ತಿತ್ತು ಪಾಪ. ಅದನ್ನೂ ಎಸೆದು ಹೊಸದು ಹಾಕಿದೆ. ನಾಲ್ಕೂ ಟೈರಿಗೆ ಗಾಳಿ. ಮೀಟರ್ ಕೇಬಲ್ ತುಂಡಾಗಿ ವರ್ಷ ಆಯಿತು, ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಅಂತ ದೇವರಿಗೇ ಗೊತ್ತು. ಹಳೇ ಗಾಡಿ, ಕೇಬಲ್ ಹುಡುಕಬೇಕು. ನೋಡೋಣ.

ಉಳಿದದ್ದು ಬಲಗಡೆಯ ಮುಂದಿನ ಚಕ್ರ. ಜಾಕ್ ಕೊಟ್ಟು ಎತ್ತಿ ಕೈಯಲ್ಲಿ ತಿರುಗಿಸಿದೆ. ಎಡಗಡೆಯದು ಮೂರು ಸುತ್ತು ತಿರುಗಿ ನಿಂತಿತು. ಬಲಗಡೆಯದು ಒಂದೂವರೆಗೇ ನಿಂತಿತು. ಚಕ್ರದ ತಟ್ಟೆಯನ್ನು ಕಚ್ಚಿ ನಿಲ್ಲಿಸುವ ಬ್ರೇಕ್ ಕ್ಯಾಲಿಪರ್ ಒಳಗೆ ಜಾರಾಡುವ ಪಿನ್ನು ಬಿಗಿಯಾಗಿದೆ. ಬಿಚ್ಚಿ, ಉಜ್ಜಿ, ಗ್ರೀಸ್ ಹಚ್ಚಬೇಕು. ಇಲ್ಲದಿದ್ದರೆ ಪೆಡಲ್ ಬಿಟ್ಟರೂ ಬ್ರೇಕ್ ಚಕ್ರವನ್ನು ಪೂರ್ತಿ ಬಿಡುವುದಿಲ್ಲ. ಅರ್ಧ ಗಂಟೆ ಕೆಲಸ.

ಅಷ್ಟು ಹೊತ್ತಿಗೆ ನನ್ನ ಹೆಂಡತಿ ಶಶಿ ಸ್ಪ್ಯಾನರುಗಳನ್ನೆಲ್ಲ ತೊಳೆದು ಗೋಣಿಚೀಲದ ಮೇಲೆ ಸಾಲಾಗಿ ಜೋಡಿಸಿ, ಅರಿಶಿನ ಕುಂಕುಮ ಇಟ್ಟು, ಚೆಂಡುಹೂವು ಹಾಕಿಬಿಟ್ಟಿದ್ದಳು. ಆಯುಧ ಪೂಜೆ. ಹದಿನಾಲ್ಕರ ಸ್ಪ್ಯಾನರಿಗೆ ಕೈ ಚಾಚಿದೆ.

"ಮುಟ್ಬ್ಯಾಡಿ," ಅಂದಳು. "ಪೂಜೆಗಿಟ್ಟಿದ್ನ ನಾಳೆ ಗಂಟ ಎತ್ತಂಗಿಲ್ಲ. ಗ್ಯಾರೇಜ್ ಹಾಕ್ದಾಗಿಂದ ಎತ್ತಿಲ್ಲ, ಇವತ್ತೇನ್ ಎತ್ತದು."

ಬಿಟ್ಟೆ. ಮನೆ ಗಾಡಿ ತಾನೆ. ಅಂತರಸನಹಳ್ಳಿಯ ಫ್ಯಾಕ್ಟರಿಯವರ ಗಾಡಿಗಳೆಲ್ಲ ಮುಗಿದ ಮೇಲೆ ಕೊನೆಗೆ ಮನೆ ಗಾಡಿ. ಯಾವಾಗಲೂ ಹೀಗೇ.

"ರವಿ, ಮುಂದಿನ ವಾರ ಒಂದ್ಸಲ ಬನ್ನಿ, ಬ್ರೇಕ್ ಉಳ್ದಿದೆ," ಅಂದೆ. "ಓಡ್ತದೆ ಬುಡಿ ಮಾವ," ಅಂದ ರವಿಕಿರಣ್.

ಮಗಳು ಬಿಂದು ಡ್ರೈವರ್ ಸೀಟಿಗೆ ಕೂತಿದ್ದಳು, ಚಕ್ರದ ಕೆಳಗಿನ ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಲು. ನಾನೇ ಕಲಿಸಿದ್ದು, ಇದೇ ಗ್ಯಾರೇಜಿನ ಮುಂದೆ, ಹದಿನೆಂಟು ತುಂಬಿದ ದಿನ. ಗಂಡನಿಗಿಂತ ಚೆನ್ನಾಗಿ ಓಡಿಸುತ್ತಾಳೆ. ಅವನು ಬಾಗಿಲು ತೆಗೆದು ತೋಳು ಹಿಡಿದು ಎಳೆದ. "ಇಳಿಯೇ. ಇದ್ಕೆ ಗಂಡಸ್ರಿದೀವಿ." ನಗುತ್ತ ಇಳಿದಳು. ತೋಳಿನ ಮೇಲೆ ನಾಲ್ಕು ಬೆರಳು ಬೆಳ್ಳಗೆ ಮೂಡಿ ಆಮೇಲೆ ಕೆಂಪಾಯಿತು. ನೋಡಿದೆ. ಹಬ್ಬದ ದಿನ ಏನು ಮಾತು ಅಂತ ಸುಮ್ಮನಾದೆ.

ಬೂದುಗುಂಬಳ ಅವನೇ ಒಡೆದ. ಚೂರು ನನ್ನ ಷಟರಿನವರೆಗೆ ಸಿಡಿಯಿತು. ಎಲ್ಲ ನಕ್ಕರು. ನಾನೂ.

ಅಕ್ಟೋಬರ್ 20, ಸೋಮವಾರ. ಸಂಜೆ 6

ಗ್ರೀಸ್ ಕೈ. ಬರೆಯಲು ಆಗುವುದಿಲ್ಲ ಅಂತಲೇ ಈ ಫೋನಿಗೆ ಮಾತಾಡುವುದು. ಗಾಡಿಗಳ ಲೆಕ್ಕಕ್ಕೆ ಶುರು ಮಾಡಿದ್ದು. ಈಗ ಮನೆ ಮಾತೂ ಇದಕ್ಕೇ. "ನನ್ ತಲೆ ತಿನ್ನೋ ಬದ್ಲು ಅದ್ಕೇ ಹೇಳ್ಕಳಿ," ಅಂದಿದ್ದಾಳೆ ಶಶಿ.

ರವಿಕಿರಣ್ ಫೋನ್ ಮಾಡಿದ್ದ. ದೀಪಾವಳಿಗೆ ಶುಭಾಶಯ ಹೇಳಲು ಅಲ್ಲ.

"ಮಾವ, ಗಾಡಿ ಎಣ್ಣೆ ಕುಡೀತಾ ಅದೆ. ಟ್ಯಾಂಕ್ ತುಂಬ್ಸಿದ್ರೆ ಆರು ಭಾನುವಾರ ಬರ್ತಿತ್ತು. ಈಗ ನಾಲ್ಕೂ ಬರಲ್ಲ ಅನ್ಸ್ತದೆ."

ಅವನ ಲೆಕ್ಕ ಭಾನುವಾರದ್ದು. ಉಳಿದ ದಿನ ಬಿದರೆಹಳ್ಳಿ ಕಾವಲ್ ಕಡೆ ಡ್ಯೂಟಿಗೆ ಬಸ್ಸಿನಲ್ಲೇ ಹೋಗುತ್ತಾನೆ, ಕಾರು ಗುಬ್ಬಿ ಮನೆ ಮುಂದೆ ನಿಂತಿರುತ್ತದೆ. ಭಾನುವಾರ ಕುಣಿಗಲ್ಲಿಗೆ, ಅವನ ತಾಯಿ ಕದರಮ್ಮನ ಮನೆಗೆ, ಹೋಗಿ ಬರುವುದು. ಅಷ್ಟೇ ಓಡಾಟ.

ನಾನು ಶುರು ಹಚ್ಚಿಕೊಂಡೆ. ಟೈರಿನ ಗಾಳಿ ಕಮ್ಮಿ ಇದ್ದರೆ ಹಿಂಗಾಗುತ್ತೆ, ಏಸಿ ಹಾಕಿದರೆ ಹಂಗಾಗುತ್ತೆ, ಕ್ಲಚ್ ಮೇಲೆ ಕಾಲಿಟ್ಟುಕೊಂಡು ಓಡಿಸಬಾರದು. ಹತ್ತು ನಿಮಿಷ.

"ಬಲಕ್ಕೆ ಎಳೀತದೆ ಮಾವ."

"ರಸ್ತೆ ಹಂಗಿದೆ ಬಿಡಿ."

ಆಮೇಲೆ ನಗಿಸೋಣ ಅಂತ ಒಂದು ಮಾತು ಅಂದೆ. "ನೀವು ಡ್ಯೂಟಿಗೆ ಹೋದಾಗ ನನ್ ಮಗಳು ಊರೆಲ್ಲ ಸುತ್ತಿ ಬರ್ತಾಳೋ ಏನೋ. ಡ್ರೈವಿಂಗ್ ಕಲ್ಸಿದ್ದು ನಾನೇ, ತಪ್ಪು ನಂದೇ."

ಅವನು ನಗಲಿಲ್ಲ. ಫೋನ್ ಕಟ್ ಆಯಿತು. ಸಿಗ್ನಲ್ ಇರಲಿಲ್ಲವೇನೋ.

ಅಕ್ಟೋಬರ್ 27, ಸೋಮವಾರ. ಮಧ್ಯಾಹ್ನ 2.15

ಗುಬ್ಬಿ. ಆಸ್ಪತ್ರೆಯ ಕಾಂಪೌಂಡು.

ಬಿಂದುವಿನ ಬಲಗೈ ಮಣಿಕಟ್ಟು ಮುರಿದಿದೆ. ಪ್ಲಾಸ್ಟರ್ ಹಾಕಿದರು. ಕಿವಿ ಹಿಂದೆ ನಾಲ್ಕು ಹೊಲಿಗೆ.

"ಬಾತ್‌ರೂಮಲ್ಲಿ ಜಾರ್ದೆ ಅಪ್ಪ."

"ಯಾವ್ ಕಡೆ ಬಿದ್ದೆ?"

ಯೋಚನೆ ಮಾಡಿದಳು. ಬಿದ್ದವರು ಯೋಚನೆ ಮಾಡುವುದಿಲ್ಲ. ಎಡಕ್ಕೆ ಅಂದಳು. ಮುರಿದದ್ದು ಬಲಗೈ.

ಬಿಂದುವಿನ ಪಕ್ಕದ ಮನೆ ಹನುಮಮ್ಮ ಗೇಟಿನ ಹತ್ತಿರ ನನ್ನನ್ನು ಕರೆದಳು. ಅವಳೇ ಆಟೋದಲ್ಲಿ ಕರೆತಂದವಳು. ಸೆರಗಿನ ಮೇಲೆ ರಕ್ತ ಒಣಗಿತ್ತು.

"ಸ್ಟೇರಿಂಗಿಗೆ ಹಾಕ್ತಾರಲ್ಲಣ್ಣ, ಕಬ್ಬಿಣದ್ ಲಾಕು, ಅದ್ರಲ್ ಹೊಡ್ದವ್ನೆ. ಎಲ್ಲಿಗ್ ಹೋಗಿದ್ದೆ ಹೇಳು ಅಂತ ಒಂದ್ ಏಟು. ಯಾರ್ ಜತೆ ಹೋಗಿದ್ದೆ ಹೇಳು ಅಂತ ಇನ್ನೊಂದ್ ಏಟು. ಎಲ್ಲೂ ಹೋಗಿಲ್ಲ ಅಂತದೆ ಆ ಹೆಣ್ಮಗ. ಕೇಳ್ತಾನೆ ಇಲ್ಲ. ನಾನ್ ಬಾಗ್ಲು ಬಡ್ದೆ, ತೆಗೀಲಿಲ್ಲ. ಕಲ್ ತಗಂಡು ಕಿಟಕಿ ಒಡ್ದೆ, ಆಗ್ ಬುಟ್ಟ."

ಆಮೇಲೆ ಇನ್ನೊಂದು ಮಾತು ಹೇಳಿದಳು.

"ನಿಮ್ಮಪ್ಪನೇ ಹೇಳವ್ನೆ ನೀನ್ ಸುತ್ತೀಯ ಅಂತ — ಹಂಗಂತಿದ್ದ ಕಣಣ್ಣ. ನೀನ್ ಹಂಗ್ ಹೇಳಿದ್ದಾ?"

ಇಲ್ಲಿ ಬೇವಿನ ಮರದ ಕೆಳಗೆ ಕೂತಿದ್ದೇನೆ.

ಅದೇ ದಿನ. ಸಂಜೆ 5.30

ಅವನು ಆಸ್ಪತ್ರೆಗೆ ಬಂದ. ಇಸ್ತ್ರಿ ಷರ್ಟು, ಕೈಯಲ್ಲಿ ಎಳನೀರು. ಅವನ ಕತ್ತು ಎಷ್ಟು ದಪ್ಪ, ನನ್ನ ಎರಡು ಕೈಗೆ ಸಿಗುತ್ತದಾ ಅಂತ ಅಳೆಯುತ್ತ ನಿಂತಿದ್ದೆ. ಬಾಯಿಂದ ಬಂದದ್ದು ಬೇರೆ. "ಗಾಡಿ ಕೊಡಿ, ತಗೊಂಡೋಗಿ ನೋಡ್ತೀನಿ." ಕೀ ಕೊಟ್ಟ.

ಹೆಗ್ಗೆರೆ ದಾಟುವ ಹೊತ್ತಿಗೆ ವಾಸನೆ. ಸುಟ್ಟ ಬ್ರೇಕಿನ ವಾಸನೆ. ಮೂವತ್ತು ವರ್ಷ ಮೂಸಿದ್ದೇನೆ, ಇನ್ನೇನೂ ಅಲ್ಲ. ಪಕ್ಕಕ್ಕೆ ಹಾಕಿ ಇಳಿದೆ. ಎಡಗಡೆಯ ಚಕ್ರ ಮುಟ್ಟಿದೆ, ಬೆಚ್ಚಗೆ. ಬಲಗಡೆಯದು ಮುಟ್ಟಿದೆ.

ಎರಡು ಬೆರಳಿಗೆ ಬೊಬ್ಬೆ ಬಂದಿದೆ. ನೀರು ಹಾಕಲಿಲ್ಲ. ಉರಿಯಲಿ.

ಗ್ರೀಸ್ ಹಚ್ಚದೆ ಬಿಟ್ಟ ಆ ಪಿನ್ನು; ಫೋನಿನಲ್ಲಿ ಅಷ್ಟು ಮಾತಾಡಿದವನು ಅದನ್ನೇ ಮರೆತಿದ್ದೆ. ಒಂದು ತಿಂಗಳಿಂದ ಆ ಕಾರು ಬ್ರೇಕ್ ಒತ್ತಿಕೊಂಡೇ ಓಡುತ್ತಿತ್ತು. ಎಣ್ಣೆ ಕುಡಿದದ್ದು ಆ ಚಕ್ರ. ನನ್ನ ಮಗಳಲ್ಲ.

ಅಕ್ಟೋಬರ್ 28, ಮಂಗಳವಾರ. ಮಧ್ಯಾಹ್ನ 3

ಬಿಚ್ಚಿದೆ. ಪಿನ್ನು ಕೈಗೆ ಬರಲಿಲ್ಲ, ಸುತ್ತಿಗೆಯಿಂದ ಹೊಡೆದು ತೆಗೆಯಬೇಕಾಯಿತು. ತುಕ್ಕು. ಹಬ್ಬಕ್ಕೆ ಅಂತ ಪೈಪಿನಲ್ಲಿ ಜೋರಾಗಿ ನೀರು ಹೊಡೆದು ತೊಳೆದಿದ್ದೆವಲ್ಲ, ಒಳಗೆ ನೀರು ನಿಂತಿದೆ. ಒಂದು ಬ್ರೇಕ್ ಪ್ಯಾಡು ಸವೆದು ಬರೀ ಕಬ್ಬಿಣ. ಇನ್ನೊಂದು ಅರ್ಧ ಹಾಗೇ ಇದೆ. ಸಣ್ಣ ಮಕ್ಕಳಿಗೂ ಅರ್ಥವಾಗುತ್ತದೆ ನೋಡಿದರೆ.

ಹೊಸ ಪಿನ್ನು, ಹೊಸ ಪ್ಯಾಡು, ಗ್ರೀಸ್. ಚಕ್ರ ಮೂರು ಸುತ್ತು ತಿರುಗಿತು. ಅರ್ಧ ಗಂಟೆ. ಅಂದು ಆ ಸ್ಪ್ಯಾನರು ಎತ್ತಿದ್ದರೆ ಯಾವ ದೇವರು ಏನು ಮಾಡುತ್ತಿತ್ತು?

ಹಳೆಯ ಪಿನ್ನು, ಪ್ಯಾಡು ಬಟ್ಟೆಯಲ್ಲಿ ಕಟ್ಟಿಕೊಂಡು ಗುಬ್ಬಿಗೆ ಹೋದೆ. ರವಿಕಿರಣ್ ಎದುರು ಬಿಚ್ಚಿ ಹೇಳಿದೆ. ತಪ್ಪು ನನ್ನದು, ಇದನ್ನು ಅವತ್ತೇ ನೋಡಬೇಕಿತ್ತು, ಆ ತಮಾಷೆ ಮಾತೂ ನನ್ನದೇ ತಪ್ಪು. ಎಲ್ಲ ಕೇಳಿದ. ಪಿನ್ನನ್ನು ಉಗುರಿನಿಂದ ಕೆರೆದ.

"ನಿಮ್ ಗ್ಯಾರೇಜಲ್ಲಿ ಇಂಥವು ನೂರು ಬಿದ್ದಿರ್ತವೆ ಮಾವ. ಮಗಳ್ನ ಉಳ್ಸಕೆ ಒಂದ್ ತಂದ್ರಿ. ನಾನೂ ಅಪ್ಪ ಆಗಿದ್ರೆ ಇದ್ನೇ ಮಾಡ್ತಿದ್ದೆ."

ಬಿಂದುವಿಗೆ ನಮ್ಮ ಜೊತೆ ಹೊರಡು ಅಂದೆ. ಬರಲಿಲ್ಲ. "ಈಗ ಬಂದ್ರೆ ತಪ್ಪೊಪ್ಕಂಡಂಗೆ ಅಪ್ಪ. ನಾನ್ ಎಲ್ಲೂ ಹೋಗಿಲ್ಲ. ಹೋಗಿಲ್ದೋಳು ಯಾಕ್ ಮನೆ ಬಿಟ್ ಬರ್ಲಿ?"

ಶಶಿ ಅಲ್ಲೇ ಉಳಿದಳು, ಅವಳ ಜೊತೆ.

ನವೆಂಬರ್ 10, ಸೋಮವಾರ. ಬೆಳಿಗ್ಗೆ 9

ಫೋನ್ ಬಂತು. ಖುಷಿಯಲ್ಲಿದ್ದ.

"ಮಾವ, ಎರಡು ಭಾನುವಾರ ಆಯ್ತು, ಮುಳ್ಳು ಮೇಲೇ ಅದೆ. ಮೊದ್ಲಿನಂಗೇ ಆಯ್ತು."

"ನೋಡಿದ್ರಾ? ನಾನು ಹೇಳಿರ್ಲಿಲ್ವಾ, ಪಿನ್ನು—"

"ಪಿನ್ನಲ್ಲ ಮಾವ. ಕೈ ಮುರಿದ್ಮೇಲೆ ಸರಿ ಹೋಯ್ತು. ಒಂದ್ ಕೈಲಿ ಎಲ್ಲಿಗ್ ಓಡಿಸ್ಕಂಡ್ ಹೋಗ್ತಾಳೆ?"

ನಕ್ಕ. ನಾನು ಮಾಡಿದ ರಿಪೇರಿ ಅವನ ಏಟಿಗೆ ಸಾಕ್ಷಿ ಹೇಳುತ್ತಿದೆ. ಇನ್ನು ಮೇಲೆ ಗಾಡಿಗೆ ಏನೇ ಆಗಲಿ, ಟೈರಿನ ಗಾಳಿ ಇಳಿಯಲಿ, ಫಿಲ್ಟರ್ ಕಟ್ಟಲಿ, ಅವಳ ಮೈ ಮೇಲೆಯೇ ಸರಿ ಮಾಡುತ್ತಾನೆ.

ಎದುರಿಗೆ ಇದ್ದ ಗಾಡಿಯ ಹೆಡ್‌ಲೈಟಿಗೆ ಸುತ್ತಿಗೆ ಬೀಸಿದೆ. ಗಿರಾಕಿಯದು. ಹೊಸದು ತರಿಸಿ ಹಾಕಬೇಕು.

ನವೆಂಬರ್ 16, ಭಾನುವಾರ. ಸಂಜೆ 7

ಕುಣಿಗಲ್ಲಿಂದ ಈಗ ಬಂದೆ. ಕೈಯಲ್ಲಿ ರಕ್ತ ಇನ್ನೂ ಇದೆ. ನನ್ನದಲ್ಲ. ಕ್ರಮವಾಗಿ ಹೇಳುತ್ತೇನೆ.

ಕದರಮ್ಮನ ಮನೆ ಮುಂದೆ ಪಂಚಾಯಿತಿ. ಪ್ಲಾಸ್ಟಿಕ್ ಚೇರು ಹಾಕಿದ್ದರು. ಅವನ ದೊಡ್ಡಪ್ಪ ಅಡವಿಯಪ್ಪ, ರಿಟೈರ್ಡ್ ಸ್ಕೂಲ್ ಗುಮಾಸ್ತ, ಮಧ್ಯದಲ್ಲಿ. ಇನ್ನೂ ನಾಲ್ಕು ಜನ ಗಂಡಸರು. ಬಿಂದು ಬಾಗಿಲಲ್ಲಿ ನಿಂತಿದ್ದಳು, ಪ್ಲಾಸ್ಟರ್ ಕೈ ಕತ್ತಿಗೆ ನೇತುಹಾಕಿಕೊಂಡು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಬಟ್ಟೆ ಬಿಚ್ಚಿ ಪ್ಯಾಡು ತೋರಿಸಿದೆ. ಎಲ್ಲ ವಿವರಿಸಿದೆ. ನನಗೆ ಮಾತಿಗೆ ಬರ ಇಲ್ಲ, ಗೊತ್ತಲ್ಲ. ಅಡವಿಯಪ್ಪ ಕನ್ನಡಕ ಏರಿಸಿ ಪ್ಯಾಡನ್ನು ತಿರುಗಿಸಿ ತಿರುಗಿಸಿ ನೋಡಿದ.

"ಹೊಸದು ಹಾಕಿದ್ರೆ ಎಷ್ಟ್ ದಿನ ಬರ್ತದಪ್ಪ ಇದು?"

"ಓಡ್ಸೋದ್ರ ಮೇಲೆ ಹೋಗುತ್ತೆ."

"ನನ್ ಗಾಡೀದೂ ಮೈಲೇಜ್ ಕಮ್ಮಿ ಆಗದೆ. ನೋಡಿಕೊಡು ಒಂದ್ಸಲ."

ಪಕ್ಕದವನು ತನ್ನ ಬೈಕಿನ ಮಾತು ತೆಗೆದ. ಐದು ಜನ ಗಂಡಸರು ಐದು ನಿಮಿಷ ಮೈಲೇಜ್ ಮಾತಾಡಿದರು. ನನ್ನ ಮಗಳು ಬಾಗಿಲಲ್ಲಿ ನಿಂತೇ ಇದ್ದಳು.

ಶಶಿ ಎದ್ದಳು. "ಗಾಡಿ ವಿಚಾರ ಆಯ್ತಾ? ಕೈ ವಿಚಾರ ಮಾತಾಡನ."

ರವಿಕಿರಣ್ ಆಗ ಅಂದ, "ಮಾವ ಯಾವತ್ತೂ ಅತ್ತೆ ಮೇಲೆ ಕೈ ಮಾಡಿಲ್ವಾ? ಕೇಳಿ ದೊಡ್ಡಪ್ಪ. ಈ ಊರಲ್ ಹೊಡೀದೆ ಇರೋ ಗಂಡಸ್ರನ್ನ ತೋರ್ಸಿ."

ಎಲ್ಲ ನನ್ನ ಮುಖ ನೋಡಿದರು. ಉತ್ತರ ಕೊಟ್ಟದ್ದು ಶಶಿ.

"ಹೊಡ್ದವ್ರೆ. ಮೂರು ಸಲ. ನಾನ್ ತಡ್ಕಂಡೆ, ನಮ್ಮಪ್ಪನ ಮನೇಲಿ ಜಾಗ ಇರ್ಲಿಲ್ಲ. ನನ್ ಮಗಳಿಗೆ ಐತೆ. ಕರ್ಕಂಡ್ ಹೋಗಕೆ ಬಂದಿದೀನಿ."

ಅವನು ಎದ್ದು ಬಾಗಿಲಿಗೆ ಹೋದ. "ನೀನೇ ಹೇಳ್ಕೊಟ್ಟಿದ್ದೇನೇ? ನಮ್ಮೂರಲ್ ನನ್ ಮಾನ ತೆಗೀತೀಯಾ?" ಅಂತ ಪ್ಲಾಸ್ಟರ್ ಹಾಕಿದ ಕೈಯನ್ನೇ ಹಿಡಿದು ತಿರುಚಿದ. ಪ್ಲಾಸ್ಟರ್ ಲಟಕ್ ಅಂದದ್ದು ನನಗೆ ಕೇಳಿಸಿತು. ಬಿಂದುವಿನ ಕೂಗು ಆಮೇಲೆ.

ಪ್ಯಾಡನ್ನು ಮತ್ತೆ ಬಟ್ಟೆಯ ತುದಿಯಲ್ಲಿ ಗಂಟು ಕಟ್ಟಿಕೊಂಡಿದ್ದೆ. ಬೀಸಿದೆ. ಬಾಯಿಗೆ ಬಿತ್ತು. ಹಲ್ಲು ಉದುರಿದ್ದನ್ನು ನೋಡಿದೆ, ಬಿಳಿ ಟೈಲ್ಸ್ ಮೇಲೆ ಉರುಳಿತು. ಇನ್ನೊಂದು ಸಲ ಬೀಸಿದೆ. ಹುಬ್ಬು ಸೀಳಿತು. "ಏನ್ಲಾ, ಮುಟ್ತೀಯೇನ್ಲಾ ನನ್ ಮಗಳ್ನ?" — ನನ್ನ ಬಾಯಿಂದಲೇ ಬಂದದ್ದು. ಮೂರು ವರ್ಷ ಅಳಿಯನಿಗೆ ನೀವು, ಬನ್ನಿ, ಹೋಗಿ ಅಂದ ಬಾಯಿ. ಮೂರನೇ ಸಲ ಎತ್ತಿದ ಕೈಗೆ ಶಶಿ ಜೋತುಬಿದ್ದಳು.

ಅವನ ಬಾಯಿಂದ ರಕ್ತ ಬಂದಾಗ ನನಗೆ ಸಂತೋಷ ಆಯಿತು. ಈ ಫೋನಿಗೆ ಸುಳ್ಳು ಹೇಳಿ ಏನು ಮಾಡಲಿ. ಸಂತೋಷವೇ ಆಯಿತು.

ಆ ಸಂತೋಷಕ್ಕೆ ಮಗಳನ್ನು ಕೊಟ್ಟು ಬಂದೆ.

ಪಂಚಾಯಿತಿ ತಿರುಗಿಬಿತ್ತು. "ಹೊಡ್ದೋನು ನೀನು. ಈಗ ಅವ್ನಿಗೇನ್ ಹೇಳ್ತೀಯ?" ಅಂದ ಅಡವಿಯಪ್ಪ. "ಪೊಲೀಸ್ ಅಂತೀರಾ, ಹೋಗಿ. ಹಲ್ಲು ನಮ್ ಜೇಬಲ್ಲಿ ಅದೆ. ನಿಮ್ದೊಂದು ಕಂಪ್ಲೇಂಟು, ನಮ್ದೊಂದು." ತೀರ್ಮಾನ: ಪ್ಲಾಸ್ಟರ್ ಬಿಚ್ಚುವವರೆಗೆ ಬಿಂದು ಕುಣಿಗಲ್ಲಿನಲ್ಲಿ, ಕದರಮ್ಮನ ಹತ್ತಿರ. ಅವನು ಗುಬ್ಬಿಯಲ್ಲಿ. ಭಾನುವಾರ ಬಂದು ನೋಡಿಕೊಂಡು ಹೋಗಬಹುದು. ನನಗೆ ದಂಡ ಅಂದರೆ, ಅವನ ಗಾಡಿ ಸರ್ವೀಸು ಮೊದಲಿನ ಹಾಗೇ ನಾನೇ ಮಾಡಿಕೊಡಬೇಕು. ಬಾಯಿ ಮುಚ್ಚಿಕೊಂಡು.

ಬಿಂದುವಿನ ಫೋನು ಕಿತ್ತುಕೊಂಡರು.

ನವೆಂಬರ್ 21, ಶುಕ್ರವಾರ

ಶಶಿ ಮೂರು ಸಲ ಅಂದಳು. ನನಗೆ ಎರಡು ನೆನಪಿದೆ. ಒಂದು ಬಿಂದು ಹುಟ್ಟುವ ಮೊದಲು, ಸಾರು ಚೆಲ್ಲಿದಾಗ. ಒಂದು ಅವಳ ತಮ್ಮನ ಮದುವೆ ದಿನ. ಮೂರನೆಯದು ಯಾವುದು?

ಕೇಳಿದೆ. "ಹೊಡ್ದೋರ್ಗೆ ಯಾಕ್ ನೆನಪಿರ್ತದೆ," ಅಂದಳು. ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಡಿಸೆಂಬರ್ 11, ಗುರುವಾರ. ಮಧ್ಯಾಹ್ನ 12.20

ಇಪ್ಪತ್ತು ದಿನ ಇದಕ್ಕೆ ಮಾತಾಡಿಲ್ಲ. ಇವತ್ತು ಆಡಲೇಬೇಕು. ಆಮೇಲೆ ಅಳಿಸುತ್ತೇನೆ.

ಬೆಳಿಗ್ಗೆ ಅವನು ಗಾಡಿ ತಂದ. ಮುಖಕ್ಕೆ ಮಾಸ್ಕು. ಹುಬ್ಬಿನ ಹೊಲಿಗೆ ಬಿಚ್ಚಿದ್ದಾರೆ.

"ಈಗ ದಿನಾ ಇದ್ರಲ್ಲೇ ಡ್ಯೂಟಿಗೆ ಹೋಗೋದು. ಬ್ರೇಕು ಚೆನ್ನಾಗ್ ನೋಡಿ."

ನಾನು ಬಾನೆಟ್ ಎತ್ತಿದೆ.

"ಬಿಂದುಗೆ ಪ್ಲಾಸ್ಟರ್ ಬಿಚ್ಚಾಯ್ತು. ಮುಂದಿನ್ ವಾರ ಗುಬ್ಬಿಗೆ ಕರ್ಕಂಡ್ ಬರ್ತೀನಿ. ಬುದ್ಧಿ ಬಂದಿರ್ತದೆ. ಬಂದಿಲ್ದಿದ್ರೆ ಇನ್ನೊಂದ್ ಕೈ ಅದೆಯಲ್ಲ ಮಾವ." ಅಂದು ಟೀ ಅಂಗಡಿಗೆ ಹೋಗಿ ಕೂತ.

ಆಯಿಲ್ ನೋಡಿದೆ. ಸರಿ ಇದೆ. ಟೈರಿಗೆ ಗಾಳಿ ಹಾಕಿದೆ. ಬಲಗಡೆಯ ಮುಂದಿನ ಚಕ್ರ ಬಿಚ್ಚಿದೆ. ಪಿನ್ನು ಚೆನ್ನಾಗಿ ಜಾರುತ್ತಿದೆ. ಪ್ಯಾಡು ಚೆನ್ನಾಗಿದೆ. ಅದರ ಹಿಂದೆ ಬ್ರೇಕ್ ಆಯಿಲ್ ಹೋಗುವ ರಬ್ಬರ್ ಹೋಸು. ಅಂದು ಒಂದು ತಿಂಗಳು ಆ ಬಿಸಿಯಲ್ಲಿ ಬೆಂದಿದೆಯಲ್ಲ, ಸೀಳು ಬಿಟ್ಟಿದೆ. ಪೆಡಲಿಗೆ ಮರದ ತುಂಡು ಒತ್ತುಕೊಟ್ಟು ಬಂದು ನೋಡಿದೆ. ಹೋಸಿನ ಮಧ್ಯ ಗಂಟಲಿನ ಹಾಗೆ ಉಬ್ಬಿತು.

ನಿಧಾನ ಒತ್ತಿದರೆ ಏನೂ ಆಗುವುದಿಲ್ಲ. ಜೋರಾಗಿ ತುಳಿದ ದಿನ ಒಡೆಯುತ್ತದೆ. ಪೆಡಲು ನೆಲಕ್ಕೆ ಹೋಗುತ್ತದೆ.

ಹೊಸ ಹೋಸು ಅಂಗಡಿಯಲ್ಲೇ ಇತ್ತು. ಡಬ್ಬಿಯಿಂದ ತೆಗೆದೆ. ಕೈಯಲ್ಲಿ ಹಿಡಿದುಕೊಂಡೆ. ಅವನು ಟೀ ಅಂಗಡಿಯಲ್ಲಿ ಯಾರ ಜೊತೆಗೋ ನಗುತ್ತಿದ್ದ, ಮಾಸ್ಕ್ ಕೆಳಗೆ ಎಳೆದುಕೊಂಡು.

ಬಿಂದು ಕುಣಿಗಲ್ಲಿನಲ್ಲಿದ್ದಾಳೆ. ಗಾಡಿಯಲ್ಲಿ ಅವನೊಬ್ಬನೇ.

ಹೊಸ ಹೋಸನ್ನು ಡಬ್ಬಿಗೆ ವಾಪಸ್ ಹಾಕಿದೆ. ಚಕ್ರ ತೊಡಿಸಿ ನಟ್ಟುಗಳನ್ನು ಬಿಗಿಯಾಗಿ ತಿರುಗಿಸಿದೆ. ನಾನು ಏನೂ ಮಾಡಿಲ್ಲ. ಏನನ್ನೂ ಕತ್ತರಿಸಿಲ್ಲ, ಸಡಿಲ ಮಾಡಿಲ್ಲ. ಒಂದು ಕೆಲಸ ಮಾಡಲಿಲ್ಲ, ಅಷ್ಟೇ.

"ಆಯ್ತಾ ಮಾವ?"

"ಆಯ್ತು," ಅಂದೆ.

ಹೋದ.

ಡಿಸೆಂಬರ್ 12, ಶುಕ್ರವಾರ. ಬೆಳಿಗ್ಗೆ 8

ಗುಬ್ಬಿ ರಸ್ತೆಯಲ್ಲಿ ಆಕ್ಸಿಡೆಂಟ್ ಏನಾದರೂ ಆಯಿತಾ ಅಂತ ಟೀ ಅಂಗಡಿಯಲ್ಲಿ ಕೇಳಿದೆ. ಯಾಕೆ ಅಂದ ಅಂಗಡಿಯವನು. ಸುಮ್ಮನೆ ಅಂದೆ.

ಆ ರಸ್ತೆಯಲ್ಲಿ ಸ್ಕೂಲ್ ಮಕ್ಕಳು ಸೈಕಲ್ ತುಳಿದುಕೊಂಡು ಹೋಗುತ್ತಾರೆ. ಗುರುವಾರ ಅದು ತಲೆಗೆ ಬರಲಿಲ್ಲ.

ಅನ್ನ ಸೇರುತ್ತಿಲ್ಲ.

ಡಿಸೆಂಬರ್ 14, ಭಾನುವಾರ. ಮಧ್ಯಾಹ್ನ 1.30

ಭಾನುವಾರ. ಅವನು ಕುಣಿಗಲ್ಲಿಗೆ ಹೋಗಿರುತ್ತಾನೆ. ಬಿಂದುವನ್ನು ಕೂರಿಸಿಕೊಂಡು ಎಲ್ಲಿಗಾದರೂ ಹೊರಟರೆ? ಪಕ್ಕದ ಸೀಟಿನಲ್ಲಿ ಅವಳು. ಮೂರು ದಿನ ಇದು ಹೊಳೆಯದೆ ಹೋಯಿತಲ್ಲ. ಅವನು ಸಾಯುವುದನ್ನು ಮನಸ್ಸಿನಲ್ಲಿ ಅಷ್ಟು ಇಷ್ಟಪಟ್ಟು ನೋಡುತ್ತಿದ್ದೆ, ಪಕ್ಕದ ಸೀಟು ಕಾಣಲೇ ಇಲ್ಲ.

ಹತ್ತು ಸಲ ಫೋನ್ ಮಾಡಿದೆ ಅವನಿಗೆ. ಎತ್ತಲಿಲ್ಲ.

ಹೋಸು, ಸ್ಪ್ಯಾನರು, ಬ್ರೇಕ್ ಆಯಿಲ್ ಬಾಟಲಿ ಸ್ಕೂಟರಿಗೆ ಹಾಕಿಕೊಂಡಿದ್ದೇನೆ. ಕುಣಿಗಲ್ಲಿಗೇ ಹೋಗುತ್ತೇನೆ. ಅವನ ಮನೆ ಬಾಗಿಲಲ್ಲೇ ಕೂತು ಹಾಕಿ ಬರುತ್ತೇನೆ. ಗುರುವಾರ ಮರೆತೆ ಅನ್ನುತ್ತೇನೆ. ಬೇಕಾದರೆ ಹೊಡೆಯಲಿ.

ಶಶಿಗೆ ಎಲ್ಲ ಹೇಳಿದೆ. "ನೀವೂ ಅವ್ನೂ ಒಂದೇ," ಅಂದಳು. ಆಮೇಲೆ ಸ್ಕೂಟರ್ ಕೀ ತಂದು ಕೈಗೆ ಕೊಟ್ಟಳು.

ಅದೇ ದಿನ. ಮಧ್ಯಾಹ್ನ 2.50

ಹೆಬ್ಬೂರು ದಾಟಿ ನಿಂತಿದ್ದೇನೆ. ರಸ್ತೆ ಪಕ್ಕ, ನೀಲಗಿರಿ ತೋಪಿನ ಹತ್ತಿರ. ಬಿಂದು ಫೋನ್ ಮಾಡಿದ್ದಳು. ಈಗ ಕಟ್ ಆಯಿತು. ಅವಳು ಅಂದದ್ದನ್ನು ಅವಳು ಅಂದ ಹಾಗೇ ಹೇಳುತ್ತೇನೆ.

"ಅಪ್ಪ, ಗಾಡಿ ತಗೊಂಡ್ ಹೊರಟಿದೀನಿ. ಊರಿಂದ ಈಚೆ ಬಂದೆ."

"ಯಾವ್ ಗಾಡಿ?"

"ಕಾರು. ಅವ್ರು ಊಟ ಮಾಡಿ ಮಲಗಿದ್ರು. ಅತ್ತೇನೇ ಕೀ ಕೊಟ್ರು. ಈ ಫೋನೂ ಅವ್ರದ್ದೇ, ಸ್ಪೀಕರ್ ಹಾಕಿ ಸೀಟ್ ಮೇಲಿಟ್ಟಿದೀನಿ. 'ಇವ್ನಪ್ಪನೂ ಹಿಂಗೇ ಇದ್ದ, ಹೋಗವ್ವ ನೀನಾದ್ರೂ' ಅಂದ್ರು. ಈಗ ನೋಡಿದ್ರೆ ಹಿಂದೆ ಬೈಕಲ್ ಬರ್ತಾವ್ರೆ ಅಪ್ಪ. ಕನ್ನಡೀಲಿ ಕಾಣ್ತದೆ."

"ಬಿಂದು, ನಿಲ್ಸು. ಇಳಿದ್ಬಿಡು."

"ನಿಲ್ಸಿದ್ರೆ ಇಲ್ಲೇ ಸಾಯಿಸ್ತಾರೆ."

"ಬ್ರೇಕ್ ಹೋಸು ಸರಿ ಇಲ್ಲ ಕಣವ್ವ. ಜೋರಾಗ್ ತುಳಿದ್ರೆ ಒಡೀತದೆ."

"ಗುರುವಾರ ಸರ್ವೀಸ್ ಮಾಡ್ದಲ್ಲ ನೀನು?"

ಇಂಜಿನ್ ಸದ್ದು ಕೇಳುತ್ತಿತ್ತು.

"ನಿಂಗೆ ಗೊತ್ತಿತ್ತಾ ಅಪ್ಪ?"

"ಗೊತ್ತಿತ್ತು."

ಅಳುತ್ತಾಳೆ ಅಂದುಕೊಂಡೆ. ಬೈಯುತ್ತಾಳೆ ಅಂದುಕೊಂಡೆ. ಬಂದದ್ದು ಅವಳ ದನಿ, ಡ್ರೈವಿಂಗ್ ಕಲಿಯುವಾಗ ಇದ್ದ ಹಾಗೆ, ಸಣ್ಣಗೆ, ಗಟ್ಟಿಯಾಗಿ.

"ನಾಲ್ಕ್ನೇ ಗೇರಲ್ ಇದೀನಿ. ಏನ್ ಮಾಡ್ಲಿ ಹೇಳು."

ಹೇಳಿದೆ. ಬ್ರೇಕನ್ನು ಮರೆತುಬಿಡು. ಮುಂದೆ ಏನಾದರೂ ಕಂಡರೆ ಮೊದಲೇ ಕಾಲು ತೆಗಿ, ಗೇರ್ ಇಳಿಸು, ಮೂರು, ಎರಡು. ಇಂಜಿನ್ನೇ ಹಿಡಿಯುತ್ತದೆ. ಕೊನೆಗೆ ಹ್ಯಾಂಡ್‌ಬ್ರೇಕ್, ಒಂದೇ ಸಲ ಎಳೀಬೇಡ. ಎಲ್ಲೂ ನಿಲ್ಲಿಸದೆ ಗ್ಯಾರೇಜಿಗೆ ಹೋಗು, ಮರಳು ಗುಡ್ಡೆ ಇದೆ, ಅದಕ್ಕೆ ಹತ್ತಿಸು. ಅಮ್ಮ ಅಲ್ಲೇ ಇರುತ್ತಾಳೆ.

"ಕೈ ನೋಯ್ತದೆ ಅಪ್ಪ. ಸ್ಟೇರಿಂಗ್ ತಿರುಗ್ಸಕ್ಕೆ ಆಗ್ತಿಲ್ಲ."

"ಎಡಗೈಲಿ ಹಿಡ್ಕೊ. ಗೇರ್ ಬದ್ಲಾಯಿಸ್ವಾಗ ಮಾತ್ರ ಬಲಗೈ ಸ್ಟೇರಿಂಗ್ ಮೇಲಿಡು. ನಿಧಾನ. ನಿಂಗ್ ಬರುತ್ತೆ."

ಕಟ್ ಆಯಿತು.

ಶಶಿಗೆ ಫೋನ್ ಮಾಡಿದೆ. ಗೇಟು ಪೂರ್ತಿ ತೆಗೆದಿಡು, ಮುಂದೆ ನಿಂತಿರುವ ಗಾಡಿಗಳನ್ನೆಲ್ಲ ತಳ್ಳಿಸು ಅಂದೆ. ಯಾಕೆ ಅಂತ ಕೇಳಲಿಲ್ಲ.

ಅದೇ ದಿನ. 3.05

ಫೋನ್ ಷರ್ಟ್ ಜೇಬಿನಲ್ಲಿದೆ. ರೆಕಾರ್ಡ್ ಆಗುತ್ತಿದೆ ಅಂದುಕೊಳ್ಳುತ್ತೇನೆ.

ಕಾಣಿಸಿತು. ಬಿಳಿ ಕಾರು. ಲೈಟ್ ಹಾಕಿಕೊಂಡು ಬರುತ್ತಿದ್ದಾಳೆ. ಹಿಂದೆ ಬೈಕು, ಹತ್ತಿರದಲ್ಲೇ.

ನಾನು ರಸ್ತೆ ಮಧ್ಯಕ್ಕೆ ಬಂದುಬಿಟ್ಟಿದ್ದೇನೆ. ಎರಡೂ ಕೈ ಎತ್ತಿ... ಏನು ಮಾಡುತ್ತಿದ್ದೇನೆ ನಾನು. ಅಪ್ಪ ಅಡ್ಡ ನಿಂತರೆ ಅವಳು ಬ್ರೇಕ್ ತುಳಿಯುತ್ತಾಳೆ. ಯೋಚನೆ ಮಾಡದೆ ತುಳಿಯುತ್ತಾಳೆ.

ಪಕ್ಕಕ್ಕೆ ಬಂದೆ. ಮಣ್ಣಿಗೆ ಇಳಿದೆ. ಹೋಗು, ಹೋಗು ಅಂತ ಕೈ ಬೀಸುತ್ತಿದ್ದೇನೆ. ನಿಲ್ಲಿಸಬೇಡ ಕಣವ್ವ. ಹೋಗು.

ಗೇರ್ ಇಳಿಸಿದಳು. ಕೇಳಿಸಿತು, ಇಂಜಿನ್ ಕೂಗಿತು. ಚೆನ್ನಾಗಿ ಇಳಿಸಿದಳು.

ಹೋದಳು. ನನ್ನ ಕಡೆ ನೋಡಲಿಲ್ಲ. ರಸ್ತೆ ನೋಡುತ್ತಿದ್ದಳು. ಅದೇ ಸರಿ.

ಈಗ ಬೈಕು. ಸ್ಕೂಟರನ್ನು ರಸ್ತೆಗೆ ಅಡ್ಡ ತಳ್ಳಿದ್ದೇನೆ. ಅದರ ಹಿಂದೆ ನಿಂತಿದ್ದೇನೆ. ಅವನ ತಲೆ ಮೇಲೆ ಹೆಲ್ಮೆಟ್ ಇಲ್ಲ. ನನ್ನನ್ನು ನೋಡಿದ. ನಿಧಾನ ಮಾಡುತ್ತಿಲ್ಲ. ಬ್ರೇಕ್ ಹಾಕು ಕಣ್ಲಾ ರವಿ, ನಿನ್ ಬೈಕಿನ ಬ್ರೇಕು ಚೆನ್ನಾಗೇ ಅದೆ, ಹಾಕು, ನಾನು ಪಕ್ಕಕ್ಕೆ ಸರಿಯಲ್ಲ, ಹಾಕ್ಲಾ —